ಮೂರನೇ ಕಾಲಂ

ನಮ್ಮ ಕಚೇರಿಯಲ್ಲಿ ಪ್ರತಿ ಹಾಡಿಗೂ ಒಂದು ಹಾಳೆ, ಆ ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಹಾಡಿನ ಸಾಲು, ಎರಡನೆಯದರಲ್ಲಿ ಅದರ ನೇರ ಅರ್ಥ, ಮೂರನೆಯದರಲ್ಲಿ ಒಳ ಅರ್ಥ. ದೇವರ ಬಗ್ಗೆಯೋ ಆಳುವವರ ಬಗ್ಗೆಯೋ ಏನನ್ನಾದರೂ ಸಾಲುಗಳ ನಡುವೆ ಬಚ್ಚಿಟ್ಟಿದ್ದರೆ ಅದನ್ನು ಹೊರಗೆಳೆದು ಅಲ್ಲಿ ಬರೆಯಬೇಕು. ಆಮೇಲೆಯೇ ಆ ಹಾಡನ್ನು ನಾಲ್ಕು ಜನರೆದುರು ಹಾಡಲು ಅನುಮತಿ.

ಮೂರನೇ ಕಾಲಂ ಖಾಲಿ ಬಿಡುವ ಹಾಗಿರಲಿಲ್ಲ. ‘ಇಲ್ಲ’ ಎಂದು ಬರೆದರೆ ಫೈಲು ಕೆಂಪು ಗುರುತು ಹೊತ್ತು ಮೇಜಿಗೆ ವಾಪಸಾಗುತ್ತಿತ್ತು. ಹುಡುಕಿದವರ ಕಣ್ಣೇ ಮಂದವಾಗಿದೆಯೆಂದು ವರ್ಷದ ಕೊನೆಯ ವರದಿಯಲ್ಲಿ ಸೇರುತ್ತಿತ್ತು. ಹಾಗಾಗಿ ನಾವೆಲ್ಲ ಏನಾದರೊಂದು ಬರೆಯುತ್ತಿದ್ದೆವು. ಮಳೆ ಬಂತು ಎಂದು ಹಾಡಿದರೆ ‘ಬದಲಾವಣೆಯ ನಿರೀಕ್ಷೆ, ಸೌಮ್ಯ’. ಮಳೆ ಬರಲಿಲ್ಲ ಎಂದು ಹಾಡಿದರೆ ‘ಆಡಳಿತದ ಬಗ್ಗೆ ಬೇಸರ, ಸೌಮ್ಯ’. ಕೊನೆಯಲ್ಲಿ ಆ ‘ಸೌಮ್ಯ’ ಇದ್ದರೆ ಹಾಡು ಪಾಸು.

ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಇದೇ ಕೆಲಸ. ಎಲ್ಲರೂ ನನ್ನನ್ನು ಅರ್ಥದಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟವರು ಪಕ್ಕದ ಮೇಜಿನ ಪೋಸ್ಟರ್ ಮಾವ. ಗೋಡೆಗೆ ಅಂಟಿಸುವ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡುವುದು ಅವರ ಕೆಲಸ. ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಗೆ ಒರಗಿಕೊಂಡು ಕೇಳುತ್ತಿದ್ದರು:

“ಏನಕ್ಕಾ, ಇವತ್ತು ಹಾಡೊಳಗೆ ಯಾರು ಅಡಗಿದ್ದಾರೆ?”

“ನೀವೇ ಮಾವಾ. ಎರಡನೇ ಚರಣದಲ್ಲಿ ಗೊರಕೆ ಹೊಡೀತಿದ್ದೀರಿ.”

ಕಂಪನಿಗಳ ಹಾಡುಗಳು ಬೇರೆಯವರ ಪಾಲು. ನನ್ನ ಮೇಜಿಗೆ ಬರುತ್ತಿದ್ದವು ಇಂಡಿ ಹಾಡುಗಳು. ಯಾರ ಹಂಗೂ ಇಲ್ಲದೆ ತಾವೇ ಬರೆದು, ತಾವೇ ಹಾಡಿ, ಮಲಗುವ ಕೋಣೆಯಲ್ಲೇ ಧ್ವನಿ ಹಿಡಿದು ಕಳಿಸುವವರ ಹಾಡು. ಹೆಡ್‌ಫೋನ್ ಹಾಕಿಕೊಂಡರೆ ದನಿಯ ಹಿಂದೆ ಅವರ ಮನೆಯೇ ಕೇಳಿಸುತ್ತಿತ್ತು. ನಲ್ಲಿ ತೊಟ್ಟಿಕ್ಕುವುದು, ಮೇಲಿನ ಮನೆಯವರು ಮಂಚ ಎಳೆಯುವುದು, ಯಾರೋ ಕೆಮ್ಮುವುದು. ಒಂದು ದಿನ ಹೊಸದಾಗಿ ಬಂದ ಒಬ್ಬ ಹುಡುಗಿಯ ದನಿಯ ಹಿಂದೆ ಒಂದು ಹೊಲಿಗೆ ಯಂತ್ರ ಓಡುತ್ತಿತ್ತು. ಅವಳು ಕಳಿಸಿದ ಮೊದಲ ಹಾಡಿನಲ್ಲಿ ನಾಲ್ಕೇ ಸಾಲು, ಅವೇ ಮತ್ತೆ ಮತ್ತೆ.

ನನ್ನ ಕೋಣೆಗೆ ಒಂದೇ ಕಿಟಕಿ,
ಎರಡು ಕುರ್ಚಿ, ಒಂದು ಖಾಲಿ;
ಬರುವೆನೆಂದು ನೀನು ಹೇಳಿಲ್ಲ,
ಆದರೂ ಧೂಳು ಒರೆಸುವೆ.

‘ಇಲ್ಲ’ ಎಂದು ಬರೆದು ಕಳಿಸಿದೆ. ಮರುದಿನ ಮೇಲ್ವಿಚಾರಕರು ತಾವೇ ಫೈಲು ಹಿಡಿದುಕೊಂಡು ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಮೃದು.

“ಅಕ್ಕಾ, ಕೋಣೆ ಇದೆ, ಕುರ್ಚಿ ಇದೆ, ಬರದೇ ಇರೋನು ಒಬ್ಬ ಇದ್ದಾನೆ. ಏನೂ ಇಲ್ಲ ಅಂದ್ರೆ ನಾನು ಮೇಲಿನವರಿಗೆ ಯಾವ ಮುಖ ತೋರಿಸ್ಲಿ?”

ಅಂದು ಮನೆಯಲ್ಲಿ ಅಮ್ಮನಿಗೆ ಜ್ವರ. ಬೇಗ ಹೊರಡಬೇಕಿತ್ತು. ಪೆನ್ನು ಎತ್ತಿಕೊಂಡು ಬರೆದೆ: ‘ಖಾಲಿ ಕುರ್ಚಿ ಮೌನಿಗಳ ಗುರುತು. ದೀಪ ಹಚ್ಚದೆ, ಅಂಗೈಗಳನ್ನು ಮೇಲಾಗಿಟ್ಟು, ಏಳು ಉಸಿರು ಎಣಿಸಿ ಪ್ರಾರ್ಥಿಸುವಾಗ ಅವರು ನಡುವೆ ಒಂದು ಕುರ್ಚಿಯನ್ನು ಖಾಲಿ ಬಿಡುತ್ತಿದ್ದರು.’ ‘ಸೌಮ್ಯ’ ಎಂದು ಸೇರಿಸಲು ಕೈ ಮರೆಯಿತು. ಮರೆತಂತೆ ಮಾಡಿತು ಎಂದರೂ ಸರಿಯೇ.

ಮೌನಿಗಳು ಈಗ ಎಲ್ಲೂ ಇಲ್ಲ. ನಾನು ಹನ್ನೆರಡರ ಹುಡುಗಿಯಾಗಿದ್ದಾಗಲೇ ಅವರನ್ನು ಒಬ್ಬರೂ ಉಳಿಯದಂತೆ ಹಿಡಿದು ಒಯ್ದಿದ್ದರು. ಅವರಿಗೆ ಮೂರ್ತಿಯಿಲ್ಲ, ಗ್ರಂಥವಿಲ್ಲ, ಗುರುವಿಲ್ಲ. ದೇವರನ್ನೇ ಹೆಸರಿಟ್ಟು ಕರೆಯದವರು ನಾಯಕನ ಹೆಸರಿನಲ್ಲಿ ಪ್ರತಿಜ್ಞೆ ಮಾಡಲು ಎದ್ದು ನಿಲ್ಲುವುದಿಲ್ಲ ಎಂದರು, ಅಷ್ಟು ಸಾಕಾಯಿತು. ಇದೆಲ್ಲ ನನಗೆ ಗೊತ್ತಿದ್ದದ್ದು ಅಕ್ಕನಿಂದ. ಹತ್ತೊಂಬತ್ತರ ಅಕ್ಕ, ನನ್ನ ಜಡೆ ಹೆಣೆಯುತ್ತ, ನಗುತ್ತ, ಎಲ್ಲವನ್ನೂ ಹೇಳಿದ್ದಳು. ಒಂದು ಬೆಳಿಗ್ಗೆ, ಅವರ ಜೊತೆ ಹೋಗದಿರಲೆಂದು, ಅಮ್ಮ ಅವಳನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದಳು. ಆದರೂ ಅಕ್ಕ ಹೋದಳು, ಮತ್ತೆ ಬರಲಿಲ್ಲ. ಕಿಟಕಿಯ ಸರಳು ಕಿತ್ತು ಹಾರಿದಳು ಎಂದು ಅಮ್ಮ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ನಾನು ಹೂಂಗುಡುತ್ತ ಬಂದಿದ್ದೇನೆ.

ಕಚೇರಿಯಲ್ಲಿ ಅಕ್ಕನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮೌನಿಗಳ ಜಾಡು ಹಿಡಿಯುವುದರಲ್ಲಿ ಅರ್ಥದಕ್ಕನನ್ನು ಬಿಟ್ಟರಿಲ್ಲ ಎಂಬ ಹೆಸರು ಮಾತ್ರ ಇತ್ತು.

ಹಾಡು ತಿರಸ್ಕಾರವಾಯಿತು. ಮೂರು ತಿಂಗಳ ಮೇಲೆ ಅದೇ ಹುಡುಗಿಯ ಎರಡನೇ ಹಾಡು ಬಂತು. ಹೊಲಿಗೆ ಯಂತ್ರ ಹಿಂದಿನಂತೆಯೇ ಓಡುತ್ತಿತ್ತು.

ಅಂಗೈ ಮೇಲಾಗಿ ಕೂತಿರುವೆ,
ಏಳು ಉಸಿರು ಎಣಿಸಿರುವೆ;
ದೀಪ ಹಚ್ಚಬೇಡ ಗೆಳತಿ,
ಕಾಣದವರು ಕಾಣುವರು.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಇಟ್ಟ ಮೇಲೂ ಅದರೊಳಗಿಂದ ಸಣ್ಣಗೆ ಕೇಳಿಸುತ್ತಲೇ ಇತ್ತು.

“ಯಾಕಕ್ಕಾ, ಹಾವು ತುಳಿದವಳ ಹಾಗೆ ಕೂತಿದ್ದೀರಿ?” ಎಂದರು ಮಾವ.

“ತಲೆನೋವು.”

“ಹಾಡು ಅಷ್ಟು ಕೆಟ್ಟದಾ?”

ಕಾಕತಾಳೀಯ ಎಂದುಕೊಂಡೆ. ಅಕ್ಕನಂಥವರು ಯಾರಾದರೂ ಉಳಿದಿರಬಹುದು, ಅವರು ಈ ಹುಡುಗಿಗೆ ಹೇಳಿರಬಹುದು. ಹಾಗೆ ಅನ್ನಿಸಿದೊಡನೆ ಪೆನ್ನು ಎತ್ತಿಕೊಂಡೆ. ಮೂರನೇ ಕಾಲಮ್ಮಿನಲ್ಲಿ ಇನ್ನಷ್ಟು ಬರೆದೆ: ‘ಇಂಥವರನ್ನು ಮನೆಯವರೇ ಹಿಂದಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದುದುಂಟು.’ ಹಾಡಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಯಾಕೆ ಬರೆದೆ ಎಂದು ಕೇಳಿದರೆ, ಆ ಮಾತನ್ನು ನಾನು ಇನ್ನೆಲ್ಲಿ ಬರೆಯಬಹುದಿತ್ತು?

ಮೂರನೇ ಹಾಡು ಬಂದಾಗ ಮೊದಲ ಸಾಲಿಗೇ ನಿಲ್ಲಿಸಿ ಮತ್ತೆ ಮೊದಲಿಂದ ಕೇಳಿದೆ. ಹಿಂದಿನ ಕೋಣೆ, ಹೊರಗೆ ಚಿಲಕ, ಒಳಗೆ ಉಗುರು ಮರ ಗೀರುವ ಸದ್ದು.

ಅಂದು ಮನೆಗೆ ನಡೆದುಕೊಂಡೇ ಹೋದೆ. ನನ್ನ ಮೂರನೇ ಕಾಲಂ ಓದುವವರು ಮೇಲ್ವಿಚಾರಕರು, ಅವರ ಮೇಲಿನ ಇಬ್ಬರು, ಅಷ್ಟೇ. ಅವರಲ್ಲಿ ಯಾರು ಹೋಗಿ ಈ ಹುಡುಗಿಯ ಕಿವಿಯಲ್ಲಿ ಊದುತ್ತಾರೆ? ಯಾರೂ ಊದದಿದ್ದರೆ, ಅಕ್ಕನೇ ಬಂದು ಅವಳ ಬಾಯಿಯಲ್ಲಿ ಕೂತಿದ್ದಾಳೆಯೇ? ಎರಡರಲ್ಲಿ ಯಾವುದು ನಿಜವೆಂದು ತಿಳಿಯಲು ಒಂದು ಉಪಾಯ ಹೂಡಿದೆ. ಅಕ್ಕ ಹೇಳಿರದ, ಎಂದೂ ಇರದ, ನಾನೇ ಆ ಕ್ಷಣ ಹುಟ್ಟಿಸಿದ ಒಂದು ಸುಳ್ಳನ್ನು ಮರುದಿನ ಮೂರನೇ ಕಾಲಮ್ಮಿನಲ್ಲಿ ಬರೆದೆ: ‘ಮೌನಿಗಳು ಎಡಗಾಲಿಗೆ ಹಸಿರು ದಾರ ಕಟ್ಟಿಕೊಳ್ಳುತ್ತಾರೆ.’

ನಾಲ್ಕನೇ ಹಾಡಿನಲ್ಲಿ ಹಸಿರು ದಾರ ಬಂತು.

ನಿಜ ಹೇಳಬೇಕೆಂದರೆ ಮೊದಲು ಹಗುರವಾದೆ. ಹಾಗಾದರೆ ದೆವ್ವವಲ್ಲ, ಅಕ್ಕನೂ ಅಲ್ಲ. ಯಾರೋ ನನ್ನ ಹಾಳೆಯನ್ನು ಓದುತ್ತಿದ್ದಾರೆ. ಆ ಹಗುರ ಎರಡು ವಾರ ಉಳಿಯಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದಳು. ದಾದಿಯ ಸಮವಸ್ತ್ರ, ದಣಿದ ಮುಖ. ಅವಳ ಎಡಗಾಲಿಗೆ ಹಸಿರು ದಾರವಿತ್ತು. ನಾನು ನೋಡಿದ್ದನ್ನು ನೋಡಿ ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಪಾದದ ಕಡೆ ನೋಡಿದಳು. ಅಲ್ಲಿ ಏನೂ ಇಲ್ಲದ್ದು ಕಂಡು ಮುಖ ತಿರುಗಿಸಿಕೊಂಡಳು. ಆಮೇಲೆ ಎಣಿಸತೊಡಗಿದೆ. ಬೇಕರಿಯ ಕ್ಯೂನಲ್ಲಿ ಒಂದು. ಗ್ರಂಥಾಲಯದ ಮೆಟ್ಟಿಲಲ್ಲಿ ಎರಡು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವಳ ಕಾಲಲ್ಲಿ, ಬೆಳಗಿನ ಬಿಸಿಲಲ್ಲಿ ಥಳಥಳ ಹೊಸದು. ಪಾಸಾಗದ ಹಾಡನ್ನು ವೇದಿಕೆಯಲ್ಲಿ ಹಾಡಬಾರದು ನಿಜ, ಮೊಬೈಲಿಂದ ಮೊಬೈಲಿಗೆ ಹೋಗುವುದನ್ನು ತಡೆಯುವವರು ಯಾರು? ನಲವತ್ತು ವರ್ಷದ ಹಿಂದೆ ಅಳಿದವರು ನನ್ನ ಸುಳ್ಳನ್ನು ಕಟ್ಟಿಕೊಂಡು ಬೀದಿಗಿಳಿದಿದ್ದರು.

ಮೇಲ್ವಿಚಾರಕರು ಕರೆಸಿದರು.

“ಅಕ್ಕಾ, ನಿಮ್ಮ ಕಣ್ಣಿಗೆ ದೃಷ್ಟಿ ತೆಗೀಬೇಕು. ನೀವು ದಾರ ಅಂತ ಬರೆದ್ರಿ, ಊರ ತುಂಬ ದಾರ. ಆ ಹುಡುಗಿಗೆ ನಾಳೆ ಹತ್ತು ಗಂಟೆಗೆ ಬರೋಕೆ ಹೇಳಿದ್ದೀವಿ. ಐದನೇ ಹಾಡು ಜೊತೆಲೇ ತರ್ತಾಳೆ. ನೀವು ಐದಕ್ಕೂ ಸೇರಿಸಿ ಒಂದು ಅಭಿಪ್ರಾಯ ಬರೆದು ಸಹಿ ಮಾಡಿ. ಉಳಿದದ್ದು ನಮ್ಮ ಕೆಲಸ.”

“ಸಹಿ ಆದ ಮೇಲೆ ಅವಳನ್ನ ಎಲ್ಲಿಗೆ ಕಳಿಸ್ತೀರಿ?”

“ಅದು ನಿಮಗ್ಯಾಕಕ್ಕಾ?” ಎಂದರು, ಅಷ್ಟೇ ಮೃದುವಾಗಿ. “ಪರೀಕ್ಷಕರ ಸಹಿ ಇಲ್ದೆ ಯಾರನ್ನೂ ಎಲ್ಲಿಗೂ ಕಳಿಸೋ ಹಾಗಿಲ್ಲ. ನಮ್ಮಲ್ಲಿ ಎಲ್ಲ ನಿಯಮದ ಪ್ರಕಾರ.”

ಅಕ್ಕನನ್ನೂ ನಿಯಮದ ಪ್ರಕಾರವೇ ಒಯ್ದಿರಬೇಕು.

ಮರುದಿನ ಬೆಳಿಗ್ಗೆ ಅಮ್ಮನ ತಲೆ ಬಾಚುತ್ತಿದ್ದೆ. ಎಂಬತ್ತೆರಡು ವರ್ಷ, ಕಾಲು ಸೋತಿದೆ, ನಾಲಿಗೆ ಸೋತಿಲ್ಲ.

“ಬಾಚ್ತಿದೀಯೋ ಕೀಳ್ತಿದೀಯೋ? ಇರೋದೇ ನಾಲ್ಕು ಕೂದಲು.”

“ಸುಮ್ನೆ ಕೂತ್ಕೋ ಅಮ್ಮಾ.”

“ಇವತ್ತು ನಿನ್ನ ಗಮನ ಎಲ್ಲೋ ಇದೆ. ಆಫೀಸಲ್ಲಿ ಏನಾದ್ರೂ ಎಡವಟ್ಟು ಮಾಡ್ಕೊಂಡ್ಯಾ?”

“ಇಲ್ಲ.”

“ನೀನು ಮಾಡಲ್ಲ ಬಿಡು. ಎಡವಟ್ಟೆಲ್ಲ ನಿನ್ನ ಅಕ್ಕನ ಪಾಲಿಗೆ ಬಂತು. ನೀನು ಹೇಳಿದ ಮಾತು ಕೇಳೋ ಹುಡುಗಿ.” ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. “ನೀನೊಬ್ಬಳು ಉಳಿದೆಯಲ್ಲ ಅಂತ ನಾನಿನ್ನೂ ಉಸಿರಾಡ್ತಿದೀನಿ.”

ಹತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ ಕಾಯುವ ಕೋಣೆಗೆ ಹೋದೆ. ಹೋಗಬಾರದೆಂಬ ನಿಯಮವಿದೆ. ಬೆಂಚಿನ ಮೇಲೆ ಹುಡುಗಿ ಕೂತಿದ್ದಳು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು. ಮೊಡವೆ ಮುಖ, ತೋಳಿನ ಗುಂಡಿ ಕಿತ್ತುಹೋದ ಅಂಗಿ. ಪಕ್ಕದಲ್ಲಿ ಅವಳ ತಾಯಿ, ಕತ್ತಿನಲ್ಲಿ ಅಳತೆಯ ಟೇಪು. ಅವಸರದಲ್ಲಿ ತೆಗೆಯುವುದನ್ನೇ ಮರೆತು ಬಂದಿದ್ದಳು.

“ಅಂಗಡಿ ಬಾಗಿಲು ಹಾಕಿ ಬಂದಿದೀನಿ ತಾಯೀ. ಬೇಗ ಬಿಡ್ತಾರಲ್ವಾ?” ಎಂದು ನನ್ನನ್ನು ಕೇಳಿದಳು. “ನಾನು ಬಡ್ಕೊಂಡೆ ಇವಳಿಗೆ. ಹಾಡೋದಾದ್ರೆ ಹೂವು ಹಣ್ಣು ಅಂತ ಹಾಡು, ಇದೆಲ್ಲ ಯಾಕೆ ಅಂತ.”

ನಾನು ಹುಡುಗಿಯ ಎದುರು ಕೂತೆ. “ಈ ಕುರ್ಚಿ, ಚಿಲಕ, ದಾರ... ಇದನ್ನೆಲ್ಲ ನಿನಗೆ ಯಾರು ಹೇಳಿದ್ರು?”

ಅವಳು ಚೀಲದಿಂದ ನಾಲ್ಕು ಹಾಳೆ ತೆಗೆದಳು. ಮಡಿಸಿ ಮಡಿಸಿ ಅಂಚು ಸವೆದಿತ್ತು. ನನ್ನದೇ ಕೈಬರಹದ ನಕಲು, ಮೂರೂ ಕಾಲಂ ಇದ್ದಂತೆಯೇ. ತಿರಸ್ಕಾರವಾದ ಹಾಡಿಗೆ ಒಂದು ಸಾಲಿನ ಪತ್ರ ಹೋಗುತ್ತದೆಂದೇ ನಾನು ಇಪ್ಪತ್ತೆರಡು ವರ್ಷ ತಿಳಿದಿದ್ದೆ. ಕೆಳಮಹಡಿಯವರು ಕಾರಣ ಬರೆಯುವ ತಾಪತ್ರಯ ಯಾಕೆಂದು ಹಾಳೆಯನ್ನೇ ನಕಲು ತೆಗೆದು ಲಗತ್ತಿಸುತ್ತಿದ್ದರು. ಮೇಲಿನ ಮಹಡಿಯ ನಾವು ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

“ಬರೆದೋರು ನೀವೇನಾ?” ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು. “ನನ್ನ ಹಾಡಲ್ಲಿ ಏನೂ ಇರ್ಲಿಲ್ಲ ಅಮ್ಮಾ. ಗೆಳತಿ ಬರ್ಲಿಲ್ಲ, ಕುರ್ಚಿ ಒರೆಸಿದೆ, ಅಷ್ಟೇ. ಆದ್ರೆ ಈ ಕಡೆಯ ಕಾಲಂ ಓದಿದ್ಮೇಲೆ, ಅಯ್ಯೋ, ಹಾಡು ಅಂದ್ರೆ ಇದಲ್ವಾ ಅನ್ನಿಸ್ತು. ಅದನ್ನೇ ಹಾಡಿದೆ. ನೀವು ಮತ್ತೆ ಬರೆದು ಕಳಿಸಿದ್ರಿ. ಮತ್ತೆ ಹಾಡಿದೆ.”

“ಐದನೇದು? ಅದಕ್ಕೆ ಏನು ತಗೊಂಡೆ?”

“ಏನೂ ತಗೊಂಡಿಲ್ಲ. ದಾರ ಸುಳ್ಳು ಅನ್ನಿಸ್ತು. ಉಳಿದಿದ್ದು ನಿಜ, ಅದೊಂದು ಸುಳ್ಳು. ಓದ್ತಾ ಓದ್ತಾ, ಇಷ್ಟೆಲ್ಲ ಗೊತ್ತಿರೋಳು ಆವತ್ತು ಎಲ್ಲಿ ನಿಂತಿದ್ಲು ಅಂತ ಯೋಚನೆ ಬಂತು. ಆಮೇಲೆ ಅವಳು ನಿಂತಿರ್ಲಿಲ್ಲ, ಕೂತಿದ್ಲು ಅನ್ನಿಸ್ತು.”

ಒಂದು ಪ್ರತಿಯನ್ನು ಬಾಗಿಲಲ್ಲೇ ತೆಗೆದುಕೊಂಡಿದ್ದರಂತೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು.

ಮೆಟ್ಟಿಲ ಮೇಲೆ ಕೂತ ಹುಡುಗಿ
ಬಾಯಿ ಬಿಡಲಿಲ್ಲ, ಅಳಲಿಲ್ಲ;
ಬಟ್ಟೆ ಸುತ್ತಿದ ಬೆರಳನೆತ್ತಿ
ದಾರಿಯನಷ್ಟೇ ತೋರಿದಳು.

ಕಿಟಕಿಯ ಆಚೆ ಬಿಸಿಲು ಚೆನ್ನಾಗಿತ್ತು. ಯಾರೋ ಟ್ರಕ್ಕಿನಿಂದ ಕಾಗದದ ಕಟ್ಟುಗಳನ್ನು ಇಳಿಸುತ್ತಿದ್ದರು.

ಅಮ್ಮನಿಗೆ ಗೊತ್ತಿಲ್ಲದ್ದು ಇದು. ಚಿಲಕ ತೆಗೆದವಳು ನಾನು. “ಪುಟ್ಟೀ, ಒಂದೇ ಒಂದು ಸಲ” ಎಂದು ಅಕ್ಕ ಬಾಗಿಲಿಗೆ ಬಾಯಿಟ್ಟು ಬೇಡಿದಳು. ತೆಗೆದೆ. ಅವಳು ಹೋದ ಮೇಲೆ, ಅಮ್ಮನ ಕಣ್ಣಿಗೆ ಬೇರೆ ಕಾರಣ ಬೀಳಲೆಂದು ಕಿಟಕಿಯ ಸಡಿಲ ಸರಳನ್ನು ಕಿತ್ತು ಕೆಳಗೆ ಹಾಕಿ ಚಿಲಕವನ್ನು ಮತ್ತೆ ಏರಿಸಿದೆ. ಬೆರಳು ತರಚಿತು, ಬಟ್ಟೆಯ ಚೂರು ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಇಬ್ಬರು ಗಂಡಸರು ಬಂದು ನಗುನಗುತ್ತ ಕೇಳಿದರು: “ಮರೀ, ನಿನ್ನ ಅಕ್ಕ ಯಾವ ಕಡೆ ಹೋದ್ಲು?” ನಾನು ಮಾತಾಡಲಿಲ್ಲ. ಮಾತಾಡದಿದ್ದರೆ ಹೇಳಿದಂತಾಗುವುದಿಲ್ಲ ಎಂದುಕೊಂಡು ಬೆರಳಷ್ಟೇ ಎತ್ತಿದೆ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಬೆರಳಿಗೆ ಬಟ್ಟೆ...” ಎಂದೆ.

“ಗೊತ್ತಿಲ್ಲಮ್ಮಾ.” ಹುಡುಗಿ ನನ್ನ ಬಲಗೈಯನ್ನೇ ನೋಡುತ್ತಿದ್ದಳು. “ಹಾಡುವಾಗ ಬೆರಳು ಬರೀ ಬೆರಳಾಗಿ ಬರ್ಲಿಲ್ಲ. ಬಟ್ಟೆ ಸುತ್ಕೊಂಡೇ ಬಂತು.”

ಒಳಗಿಂದ ಕರೆ ಬಂತು.

ಉದ್ದ ಮೇಜಿನ ಆ ತುದಿಯಲ್ಲಿ ಮೇಲಿನವರಿಬ್ಬರು, ಅವರ ಪಕ್ಕದಲ್ಲಿ ಮೇಲ್ವಿಚಾರಕರು. ಹುಡುಗಿಯನ್ನು ಗೋಡೆಯ ಬದಿಗೆ ಕೂರಿಸಿದರು. ನನ್ನ ಮುಂದೆ ಹೊಸ ಹಾಳೆ. ಮೊದಲನೇ ಕಾಲಮ್ಮಿನಲ್ಲಿ ನಾಲ್ಕು ಸಾಲು ಆಗಲೇ ಟೈಪಾಗಿತ್ತು.

“ಮೆಟ್ಟಿಲ ಮೇಲಿನ ಹುಡುಗಿ ಅಂದ್ರೆ ಸಂಘಟನೆಗೆ ಹೊಸದಾಗಿ ಸೇರಿದವರು ಅಂತಾನಾ, ಅಕ್ಕಾ?” ಎಂದರು ಮೇಲ್ವಿಚಾರಕರು, ದಾರಿ ಮಾಡಿಕೊಡುವವರಂತೆ. “ದಾರಿ ತೋರಿಸೋದು ಅಂದ್ರೆ...”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮಧ್ಯಾಹ್ನಕ್ಕೆ ಮನೆ, ಅಮ್ಮನಿಗೆ ಮಾತ್ರೆ. ಆ ಹುಡುಗಿ ಎಲ್ಲಿಗೆ ಹೋಗುತ್ತಾಳೋ ಅಲ್ಲಿಗೆ ಹೋಗುತ್ತಾಳೆ. ಅವಳು ತೋಳಿನ ಕಿತ್ತ ಗುಂಡಿಯ ಜಾಗವನ್ನು ಬೆರಳಿಂದ ಮುಚ್ಚಿಕೊಂಡು ಕೂತಿದ್ದಳು, ಅದೊಂದೇ ತನ್ನ ತಪ್ಪು ಎಂಬಂತೆ.

ಮೂರನೇ ಕಾಲಮ್ಮಿನಲ್ಲಿ ಬರೆದೆ: ‘ಮೆಟ್ಟಿಲ ಮೇಲಿನ ಹುಡುಗಿ ನಾನು. ನನ್ನ ಅಕ್ಕ ಮೌನಿಯಾಗಿದ್ದಳು. ಅವಳು ಹೋದ ದಾರಿಯನ್ನು ತೋರಿಸಿದವಳು ನಾನು. ಹಿಂದಿನ ಮೂರು ಹಾಡುಗಳಲ್ಲಿ ಇರುವುದೆಲ್ಲ ನನ್ನ ಟಿಪ್ಪಣಿಗಳಿಂದ ಹೋದದ್ದು. ಹಸಿರು ದಾರ ನಾನು ಕಟ್ಟಿದ ಸುಳ್ಳು. ಈಕೆಯ ಹಾಡಿನಲ್ಲಿ ಈಕೆಯದೆಂಬ ಒಳ ಅರ್ಥ ಯಾವುದೂ ಇಲ್ಲ.’ ಸಹಿ ಮಾಡಿ ತಳ್ಳಿದೆ.

ಮೂವರೂ ಓದಿದರು. ಮೇಲಿನವರಲ್ಲಿ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಬೈಗುಳ ಬರುತ್ತದೆಂದು ಕಾದೆ. ಅವರು ಹುಡುಗಿಯತ್ತ ಬೆರಳಾಡಿಸಿ, “ಇವಳನ್ನ ಕಳಿಸಿ. ಇವಳಲ್ಲಿ ಏನಿಲ್ಲ” ಎಂದರು. ಆಸಕ್ತಿಯೇ ಹೋದವರ ದನಿ. ಹುಡುಗಿ ಎದ್ದಳು. ಬಾಗಿಲ ಬಳಿ ನನ್ನತ್ತ ತಿರುಗಿ ಏನೋ ಹೇಳಲು ಹೊರಟಳು. ಅವಳ ತಾಯಿ ಹೊರಗಿನಿಂದ ಕೈಹಿಡಿದು ಸೆಳೆದುಕೊಂಡು ಹೋದಳು.

ಮೇಲ್ವಿಚಾರಕರು ಇನ್ನೊಂದು ಹಾಳೆ ತೆಗೆದರು. ನಾನು ಬರೆದದ್ದನ್ನು ಸಾಲು ಸಾಲಾಗಿ ಬಿಡಿಸಿ, ಮುದ್ದಾದ ಅಕ್ಷರದಲ್ಲಿ, ಮೊದಲನೇ ಕಾಲಮ್ಮಿಗೆ ಇಳಿಸಿದರು. ಆಮೇಲೆ ಪೋಸ್ಟರ್ ಮಾವನಿಗೆ ಹೇಳಿಕಳಿಸಿದರು.

ನಮ್ಮಿಬ್ಬರನ್ನೇ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದರು. ಮಾವ ಹಾಳೆಯನ್ನು ಭೂತಗನ್ನಡಿಯ ಕೆಳಗೆ ಸರಿಸುತ್ತ ಓದಿದರು. ಹದಿನೆಂಟು ವರ್ಷ ಪಕ್ಕದ ಮೇಜಿನಲ್ಲಿ ಕೂತವರು, ಆಗ ನನ್ನನ್ನು ನೋಡಲೇ ಇಲ್ಲ.

“ಅಕ್ಕಾ, ‘ಅಕ್ಕ’ ಅಂದ್ರೆ ಯಾರು?”

“ನನ್ನ ಅಕ್ಕ, ಮಾವಾ. ನಮ್ಮಮ್ಮನ ಮೊದಲ ಮಗಳು.”

“ಅದನ್ನ ಎರಡನೇದಕ್ಕೆ ಹಾಕಿದೀನಿ.” ಬರೆದರು. ಪೆನ್ನು ಬಲಕ್ಕೆ ಜರುಗಿತು. “ಮೆಟ್ಟಿಲು?”

“ಮೆಟ್ಟಿಲೇ. ಕಲ್ಲಿಂದು. ಮೂರಿತ್ತು.”

“ಮೂರು,” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಬರೆಯತೊಡಗಿದರು. ನಾನು ಹೇಳಿದ್ದು ಎರಡು ಮಾತು, ಅವರು ಅರ್ಧ ಪುಟ ಬರೆದರು. ಒಂದು ಸಲವೂ ತಲೆಯೆತ್ತಲಿಲ್ಲ. ಆ ವೇಗ ನನಗೆ ಗೊತ್ತು. ಬೇಗ ಮನೆಗೆ ಹೋಗಬೇಕಾದವರ ವೇಗ.

“ಇದೆಲ್ಲ ಮನೇಲಿ ಗೊತ್ತಾ ಅಕ್ಕಾ? ಅಮ್ಮನಿಗೆ?”

“ಇಲ್ಲ.”

“ಮಧ್ಯಾಹ್ನ ಇವ್ರು ಅಲ್ಲಿಗೆ ಹೋಗ್ತಾರೆ. ಕೇಳ್ತಾರೆ.” ಸುತ್ತ ನೋಡಿ, ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲೆ ನನ್ನತ್ತ ಜಾರಿಸಿದರು. “ಬೇರೆಯವರ ಬಾಯಿಂದ ಕೇಳೋದಕ್ಕಿಂತ...”

ಎರಡನೇ ರಿಂಗಿಗೇ ಅಮ್ಮ ಎತ್ತಿದಳು. ಅವಳ ಹಿಂದೆ ರೇಡಿಯೋ ಹಾಡುತ್ತಿತ್ತು.

“ಅಮ್ಮಾ, ಒಂದು ವಿಷಯ ಇದೆ. ನಡುವೆ ಮಾತಾಡ್ಬೇಡ, ಪೂರ್ತಿ ಕೇಳು. ಅಕ್ಕ ಕಿಟಕಿಯಿಂದ ಹೋಗ್ಲಿಲ್ಲ. ಚಿಲಕ ತೆಗೆದಿದ್ದು ನಾನು. ಸರಳು ಕಿತ್ತಿದ್ದೂ ನಾನೇ. ಅವರು ಬಂದು ಕೇಳಿದಾಗ ದಾರಿ ತೋರಿಸಿದ್ದೂ ನಾನೇ ಅಮ್ಮಾ.”

ರೇಡಿಯೋ ನಿಂತಿತು. ಅವಳು ಮಂಚದಿಂದ ಕೈ ಚಾಚಿ ಅದನ್ನು ಆರಿಸಿದ್ದು ನನಗೆ ಕಂಡಂತಾಯಿತು. ಸಂಪರ್ಕ ಕಡಿದಿದೆಯೇ ಎಂದು ನೋಡಿದೆ. ಸೆಕೆಂಡುಗಳು ಓಡುತ್ತಲೇ ಇದ್ದವು.

“ಅಮ್ಮಾ?”

ಆಗ ಅಮ್ಮ ಮಾತಾಡಿದಳು. ಬಾಗಿಲಿಗೆ ಬಂದ ಅಪರಿಚಿತರೊಡನೆ ಮಾತಾಡುವಾಗಿನ ಹದವಾದ, ಮರ್ಯಾದೆಯ ದನಿ.

“ತಾವು ಯಾರು ಮಾತಾಡ್ತಿರೋದು?”

ಮಾವ ಪೆನ್ನನ್ನು ಹಾಳೆಯಿಂದ ಒಂದಿಷ್ಟು ಮೇಲೆ ಹಿಡಿದು, ಅಮ್ಮ ಏನಂದರು ಎಂದು ಕಣ್ಣಿನಲ್ಲೇ ಕೇಳಿದರು. ನಾನು ಫೋನನ್ನು ಇನ್ನೂ ಬಲವಾಗಿ ಕಿವಿಗೆ ಒತ್ತಿಕೊಂಡೆ.